ಒದ್ದೆಯಿದ್ದರೆ ಒದ್ದೆ, ಒಣಗಿದ್ದರೆ ಒಣ

ಬಿಸಿಲು ಏರುತ್ತಿದ್ದಂತೆ ಎಷ್ಟೋ ಮರಗಳು ಎಲೆ ಉದುರಿಸುತ್ತವೆ. ಅದೇ ಹೊತ್ತಿಗೆ ನಮ್ಮ ಕೈಗೆ ಪೊರಕೆ ಬರುತ್ತದೆ. ಕೈತೋಟದ ಮೂಲೆಯಲ್ಲಿ ತರಗೆಲೆಯ ರಾಶಿ ಹೊಗೆಯಾಡುತ್ತದೆ. ಗುಡಿಸಿ ಬೋಳಾದ ನೆಲಕ್ಕೆ ಸಂಜೆ ಪೈಪು ಹಿಡಿದು ನೀರು ಬಿಡಲಾಗುತ್ತದೆ. ಎರಡೂ ಕೆಲಸ ಮಾಡುವವರು ಒಬ್ಬರೇ, ಗಿಡಗಳ ಮೇಲೆ ಜೀವ ಇಟ್ಟುಕೊಂಡವರೇ. ಇದನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಸಂಜೆ ಬಿಟ್ಟ ನೀರನ್ನು ಮಣ್ಣಿನಲ್ಲಿ ಹಿಡಿದಿಡಬಹುದಾಗಿದ್ದ ವಸ್ತು ಬೆಳಿಗ್ಗೆಯೇ ಬೂದಿಯಾಗಿ ಹೋಗಿರುತ್ತದೆ. ಮರಕ್ಕೆ ಎಲೆ ಉದುರಿಸುವುದು ಒಣಗಾಲದ ಸಿದ್ಧತೆ: ಎಲೆಗಳ ಮೂಲಕ ಆವಿಯಾಗಿ ಹೋಗುತ್ತಿದ್ದ ನೀರು ಉಳಿಯುತ್ತದೆ, ಉದುರಿದ ಎಲೆ ಬೇರಿನ ಮೇಲಿನ ನೆಲವನ್ನು ಮುಚ್ಚುತ್ತದೆ. ಕಾಡಿನಲ್ಲಿ ಬೋಳು ಮಣ್ಣು ನೋಡಬೇಕೆಂದರೆ ಹುಡುಕಿಕೊಂಡು ಹೋಗಬೇಕು. ಕಾಲುದಾರಿಯಲ್ಲೋ, ಕುಸಿದ ದಿಣ್ಣೆಯಲ್ಲೋ, ಪ್ರಾಣಿಗಳು ಕೆದಕಿದ ಜಾಗದಲ್ಲೋ ಸಿಗಬಹುದು. ತೋಟದಲ್ಲಿ ಮಾತ್ರ ನಾವು ಬೋಳು ಮಣ್ಣನ್ನೇ ಅಚ್ಚುಕಟ್ಟು ಎಂದು ತಿಳಿದಿದ್ದೇವೆ.

ಮಣ್ಣಿಗೆ ಹೊದಿಕೆ ಹಾಕಿ, ಅಂದರೆ ತರಗೆಲೆ, ಒಣಹುಲ್ಲು ಹಾಸಿ ನೆಲವನ್ನು ಮುಚ್ಚಿ ಎಂದು ಹೇಳುವವರು ಈಗ ಬೇಕಾದಷ್ಟು ಜನ ಇದ್ದಾರೆ. ಅದು ಸರಿಯಾದ ಮಾತೇ. ಆದರೆ ದಪ್ಪಗೆ ಹೊದಿಕೆ ಹಾಕಿದ ಮೇಲೂ ಗಿಡಗಳು ಬಾಡಿ ನಿಂತದ್ದನ್ನು ನಾನು ನೋಡಿದ್ದೇನೆ. ಹಾಗೆ ಬಾಡಿದ ತೋಟದವರು ಬೇಸರದಿಂದ ಹುಲ್ಲನ್ನೆಲ್ಲ ಕಿತ್ತೆಸೆದು, ಇದೆಲ್ಲ ಬರೀ ಮಾತು ಎಂದು ಮತ್ತೆ ಪೊರಕೆ ಹಿಡಿದದ್ದನ್ನೂ ನೋಡಿದ್ದೇನೆ. ಈ ಸೋಲು ಏಕಾಗುತ್ತದೆ ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ.

ಟೊಮೆಟೊ ಮಡಿಯ ಮುಂದೆ ಕುಳಿತು

ಗೆಳತಿಯೊಬ್ಬರ ಕೈತೋಟ. ನಡು ಮಧ್ಯಾಹ್ನ. ಟೊಮೆಟೊ ಗಿಡಗಳ ಎಲೆ ಒಳಮುಖವಾಗಿ ಸುರುಳಿ ಸುತ್ತಿಕೊಂಡು, ಕುಡಿಗಳು ಕತ್ತು ಬಾಗಿಸಿದ್ದವು. ಬುಡದ ಸುತ್ತ ಒಣಹುಲ್ಲು ಗೇಣೆತ್ತರ ಹಾಸಿತ್ತು. "ದಿನವೂ ನೀರು ಹಾಕುತ್ತೇನೆ. ಹುಲ್ಲನ್ನೂ ಹಾಸಿದ್ದೇನೆ. ಇನ್ನೇನು ಮಾಡಲಿ?" ಎಂದರು. ಆ ಮಾತಿನಲ್ಲಿದ್ದ ದಣಿವು ನನಗೆ ಈಗಲೂ ನೆನಪಿದೆ. ಅವರು ಕೈಲಾದದ್ದನ್ನೆಲ್ಲ ಮಾಡಿದ್ದರು.

ಇಬ್ಬರೂ ಮಡಿಯ ಪಕ್ಕದಲ್ಲಿ ಕುಳಿತು ಹುಲ್ಲನ್ನು ಪದರ ಪದರವಾಗಿ ಬಿಡಿಸಿದೆವು. ಮೇಲಿನ ಎಳೆಗಳು ಬಿಸಿಲಿಗೆ ಬಿಳಚಿಕೊಂಡು ಗರಿಗರಿಯಾಗಿದ್ದವು. ಅದರ ಕೆಳಗಿನ ಹುಲ್ಲು ಕೈಗೆ ತಣ್ಣಗೆ, ಒದ್ದೆಯಾಗಿ ಹತ್ತಿತು. ಸ್ವಲ್ಪ ಬೂಷ್ಟಿನ ವಾಸನೆಯೂ ಇತ್ತು. ಇಷ್ಟನ್ನು ಮುಟ್ಟಿ ನೋಡಿದ ಯಾರಿಗಾದರೂ ತೇವ ಇದೆ ಎಂದೇ ಅನಿಸುತ್ತದೆ. ಇನ್ನೂ ಕೆಳಗೆ ಹೋದರೆ ಹುಲ್ಲು ಮತ್ತೆ ಒಣ. ಕೊನೆಗೆ ಸಿಕ್ಕ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು, ಬೆರಳು ಊರಿದರೆ ಇಳಿಯಲಿಲ್ಲ, ಕಡ್ಡಿಯಿಂದ ಕೆದಕಿದಾಗ ಪುಡಿಯಾಗಿ ಎದ್ದಿತು. ಮಡಿಯ ಒಂದು ತುದಿಯಲ್ಲಿದ್ದ ಗಿಡ ಮಾತ್ರ ನೆಟ್ಟಗೆ ನಿಂತಿತ್ತು. ಅದರ ಬುಡದಲ್ಲಿ ಪೈಪಿನ ಜೋಡಣೆ ಸಡಿಲಾಗಿ, ಹುಲ್ಲಿನ ಅಡಿಯಲ್ಲೇ ನೀರು ತೊಟ್ಟಿಕ್ಕುತ್ತಿತ್ತು. ಅಲ್ಲಿನ ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ಅದೇ ಹುಲ್ಲು, ಅದೇ ದಪ್ಪ, ಅದೇ ಬಿಸಿಲು. ನೀರು ಹುಲ್ಲಿನ ಮೇಲೆ ಬಿತ್ತೋ ಕೆಳಗೆ ಬಿತ್ತೋ ಎನ್ನುವುದೊಂದೇ ವ್ಯತ್ಯಾಸ.

ಒಣಹುಲ್ಲು ತನ್ನ ತೂಕದ ಎರಡು ಮೂರು ಪಟ್ಟು ನೀರನ್ನು ಹೀರಿಕೊಳ್ಳಬಲ್ಲದು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಕಿಲೋ ಹುಲ್ಲು ಹರಡಿದ್ದರೆ, ಮೊದಲ ಎರಡು ಮೂರು ಲೀಟರ್ ಹುಲ್ಲಿನ ಪಾಲು. ಪೈಪನ್ನು ಅತ್ತಿತ್ತ ಬೀಸಿ ಮಡಿಯ ಮೇಲೆ ಎರಚುವ ನೀರು ಬಹುಪಾಲು ಅಷ್ಟೇ ಇರುತ್ತದೆ. ಹುಲ್ಲು ಸಂಜೆ ಕುಡಿಯುತ್ತದೆ, ಮರುದಿನ ಗಾಳಿ ಬಿಸಿಲು ಅದನ್ನು ಒಣಗಿಸುತ್ತವೆ, ಮಣ್ಣಿಗೆ ಸುದ್ದಿಯೇ ಮುಟ್ಟುವುದಿಲ್ಲ. ಒಣಗಾಲದಲ್ಲಿ ಅಪರೂಪಕ್ಕೆ ಬೀಳುವ ತುಂತುರು ಮಳೆಯ ಗತಿಯೂ ಇದೇ.

ಹೊದಿಕೆಯ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಅದು ನೀರು ಕೊಡುವುದಿಲ್ಲ. ಕೆಳಗಿನ ಮಣ್ಣು ಯಾವ ಸ್ಥಿತಿಯಲ್ಲಿದೆಯೋ ಆ ಸ್ಥಿತಿಯನ್ನು ಕಾಯುತ್ತದೆ. ಒದ್ದೆ ಮಣ್ಣಿನ ಮೇಲೆ ಹಾಸಿದರೆ ಒದ್ದೆಯನ್ನು ಕಾಯುತ್ತದೆ. ಒಣ ಮಣ್ಣಿನ ಮೇಲೆ ಹಾಸಿದರೆ ಅಷ್ಟೇ ನಿಷ್ಠೆಯಿಂದ ಒಣತನವನ್ನೂ ಕಾಯುತ್ತದೆ. ಗೆಳತಿಯ ಮಡಿಯಲ್ಲಿ ನಾವು ಹುಲ್ಲನ್ನೆಲ್ಲ ದಾರಿಗೆ ಸರಿಸಿದೆವು. ಬಿಸಿಲು ಇಳಿದ ಮೇಲೆ ಸಣ್ಣ ಧಾರೆಯಲ್ಲಿ ನೀರು ಬಿಟ್ಟೆವು. ಮೊದಲ ಸುತ್ತಿನ ನೀರು ಗೋಲಿಯಂತೆ ಉರುಳಿ ಬದಿಗೆ ಹೋಯಿತು. ಅತಿಯಾಗಿ ಒಣಗಿದ ಮಣ್ಣು ಮೊದಲು ನೀರನ್ನು ದೂರ ತಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸುತ್ತು, ಆಮೇಲೆ ಮತ್ತೊಂದು. ಆಗ ಇಂಗತೊಡಗಿತು. ಮರುದಿನ ಬೆಳಿಗ್ಗೆ ಕಡ್ಡಿ ಚುಚ್ಚಿ ಗೇಣುದ್ದ ಇಳಿಯುತ್ತದೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹುಲ್ಲನ್ನು ಮತ್ತೆ ಎಳೆದದ್ದು. ಆ ಗಿಡಗಳು ಚೇತರಿಸಿಕೊಂಡವು, ಕಾಯಿಯನ್ನೂ ಬಿಟ್ಟವು.

ಮಣ್ಣು ತಾನೇ ಹೊದ್ದುಕೊಳ್ಳುವ ಬಗೆ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ಎಂದರೆ ಸರಿಯಾಗಿ ಒಂದು ಲೀಟರ್. ಈ ಲೆಕ್ಕ ತಲೆಯಲ್ಲಿದ್ದರೆ ಬಹಳಷ್ಟು ವಿಷಯ ತಿಳಿಯಾಗುತ್ತದೆ. ಬಿರುಬಿಸಿಲು, ಒಣಗಾಳಿ ಎರಡೂ ಇರುವ ದಿನ ನೆನೆದ ಬೋಳು ಮಣ್ಣಿನಿಂದ ಒಂದು ಚದರ ಮೀಟರಿಗೆ 5 ಲೀಟರ್ ನೀರು ಆವಿಯಾಗುವುದು ಅಸಹಜವೇನಲ್ಲ. ಅದೇ 5 ಲೀಟರನ್ನು ಒಣಗಿದ ಗೋಡು ಮಣ್ಣಿಗೆ ಹಾಕಿದರೆ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ನೆನೆದೀತು, ಅಷ್ಟೇ. ದಿನವೂ ಸಂಜೆ ಸ್ವಲ್ಪ ಸ್ವಲ್ಪ ನೀರು ಎರಚುವವರ ತೋಟದಲ್ಲಿ ಆ ನೀರಿನ ಬಹುಪಾಲು ಬೇರನ್ನು ಕಾಣದೆ ಗಾಳಿಗೆ ಹೋಗುತ್ತದೆ. ಬೇರುಗಳೂ ನೀರಿರುವ ಕಡೆಗೇ ಬೆಳೆಯುವುದರಿಂದ ಮೇಲ್ಪದರದಲ್ಲೇ ಹರಡಿಕೊಂಡು, ನೀರು ತಪ್ಪಿದ ಒಂದೇ ದಿನಕ್ಕೆ ಬಾಡುತ್ತವೆ.

ಬೋಳು ಮಣ್ಣಿಗೂ ತನ್ನದೇ ಒಂದು ಕಾವಲು ಇದೆ. ನೆನೆದ ಮಣ್ಣಿನಿಂದ ಮೊದಮೊದಲು ಬಿಸಿಲು ಎಷ್ಟು ಸೆಳೆಯಬಲ್ಲದೋ ಅಷ್ಟೂ ನೀರು ಹೋಗುತ್ತದೆ; ಕೆಳಗಿನಿಂದ ಸೂಕ್ಷ್ಮ ನಾಳಗಳ ಮೂಲಕ ನೀರು ಮೇಲಕ್ಕೆ ಏರಿ ಬರುತ್ತಲೇ ಇರುತ್ತದೆ. ಮೇಲಿನ ಒಂದೆರಡು ಸೆಂಟಿಮೀಟರ್ ಪೂರ್ತಿ ಒಣಗಿತು ಎನ್ನುವಾಗ ಆ ನಾಳಗಳ ಸಂಪರ್ಕ ಕಡಿಯುತ್ತದೆ. ಅಲ್ಲಿಂದ ಮುಂದೆ ನೀರು ಮಣ್ಣಿನ ಒಳಗೇ ಆವಿಯಾಗಿ, ಆ ಒಣ ಪದರವನ್ನು ತೂರಿಕೊಂಡು ಹೊರಬರಬೇಕು. ನಷ್ಟ ತಟ್ಟನೆ ಇಳಿಯುತ್ತದೆ. ಹೀಗಾಗಿ ಬಹಳ ದಿನ ನೀರೇ ಕಾಣದ ಹೊಲದಲ್ಲಿ ಹೊದಿಕೆ ಇರುವ ಮಣ್ಣಿಗೂ ಇಲ್ಲದ ಮಣ್ಣಿಗೂ ತೇವದ ವ್ಯತ್ಯಾಸ ದಿನ ಕಳೆದಂತೆ ಕಿರಿದಾಗುತ್ತದೆ. ಹೊದಿಕೆಯ ನಿಜವಾದ ಲಾಭ ನೀರು ಬಿದ್ದ ನಂತರದ ಮೊದಲ ಕೆಲವು ದಿನಗಳಲ್ಲಿದೆ. ಕೈತೋಟದಲ್ಲಿ ನಾವು ಮತ್ತೆ ಮತ್ತೆ ನೀರು ಹಾಕುತ್ತೇವಲ್ಲ, ಹಾಕಿದಾಗಲೆಲ್ಲ ಮಣ್ಣು ತಾನೇ ಕಟ್ಟಿಕೊಂಡ ಒಣ ಪದರವನ್ನು ಕರಗಿಸಿಬಿಡುತ್ತೇವೆ. ಆದ್ದರಿಂದಲೇ ಹೊಲಕ್ಕಿಂತ ಕೈತೋಟಕ್ಕೆ ಹೊದಿಕೆ ಹೆಚ್ಚು ಬೇಕು.

ಈ ಒಣ ಪದರವನ್ನು ಕೃತಕವಾಗಿ ಮಾಡಿದರಾಯಿತಲ್ಲ ಎಂದು ಯೋಚಿಸಿದವರೂ ಇದ್ದರು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಒಣ ಬಯಲುಗಳಲ್ಲಿ ಮೇಲ್ಮಣ್ಣನ್ನು ಪದೇ ಪದೇ ಹರಗಿ ಪುಡಿಯಾಗಿಟ್ಟು, ಆ ಧೂಳನ್ನೇ ಹೊದಿಕೆಯೆಂದು ನಂಬುವ ಪದ್ಧತಿ ಜೋರಾಗಿ ಪ್ರಚಾರ ಪಡೆದಿತ್ತು. 1930ರ ದಶಕದಲ್ಲಿ ಬರ ಬಂದಾಗ, ಹುಲ್ಲಿನ ಹಿಡಿತ ತಪ್ಪಿ ಹೀಗೆ ಸಡಿಲಗೊಂಡಿದ್ದ ಮಣ್ಣು ಮೋಡದಂತೆ ಎದ್ದು ಹಾರಿಹೋಯಿತು. ಧೂಳು ನೀರಿನ ಆವಿಯನ್ನು ತಡೆದೀತು, ಆದರೆ ಗಾಳಿಯನ್ನೂ ಮಳೆಹನಿಯ ಹೊಡೆತವನ್ನೂ ತಡೆಯಲು ಅದಕ್ಕೆ ಮೈಯಿಲ್ಲ.

ಏನನ್ನು ಹಾಸುವುದು, ಎಷ್ಟು ಹಾಸುವುದು

ಯಾವ ವಸ್ತು ಒಳ್ಳೆಯದು ಎಂದು ಕೇಳಿದರೆ, ಹತ್ತಿರ ಸಿಗುವುದು ಎಂದೇ ಹೇಳುತ್ತೇನೆ. ಆದರೆ ಅದರ ಒರಟುತನವನ್ನು ನೋಡಿಕೊಳ್ಳಬೇಕು. ತರಗೆಲೆ, ಒಣಹುಲ್ಲು, ಮರದ ಚಕ್ಕೆಯಂತಹ ಒರಟು ವಸ್ತುಗಳ ನಡುವೆ ದೊಡ್ಡ ಸಂದುಗಳಿರುತ್ತವೆ. ಮಣ್ಣಿನ ಸೂಕ್ಷ್ಮ ನಾಳಗಳಲ್ಲಿ ಏರಿ ಬಂದ ನೀರು ಆ ಸಂದುಗಳನ್ನು ದಾಟಲಾರದೆ ಅಲ್ಲೇ ನಿಲ್ಲುತ್ತದೆ. ಮೇಲಿನಿಂದ ಬೀಳುವ ಮಳೆ ಅದೇ ಸಂದುಗಳಲ್ಲಿ ಸಲೀಸಾಗಿ ಇಳಿಯುತ್ತದೆ. ಗರಗಸದ ಹೊಟ್ಟಿನಂತಹ ಪುಡಿ ವಸ್ತು ದಪ್ಪಗೆ ಬಿದ್ದರೆ ಹೆಪ್ಪುಗಟ್ಟಿ, ಒಣಗಿದ ಮೇಲೆ ನೀರನ್ನು ಜಾರಿಸಿಬಿಡುತ್ತದೆ. ಒರಟಾದದ್ದು 7ರಿಂದ 10 ಸೆಂಟಿಮೀಟರ್ ಇರಲಿ, ಪುಡಿಯಾದದ್ದು 3ರಿಂದ 5 ಸಾಕು. ದೊಡ್ಡ ಅಗಲ ಎಲೆಗಳನ್ನು ಹಾಗೆಯೇ ಹಾಸಿದರೆ ಒಂದರ ಮೇಲೊಂದು ಅಂಟಿ ಹೆಂಚಿನಂತೆ ಕೂರುತ್ತವೆ. ಕಾಲಿನಿಂದ ತುಳಿದು ಮುರಿದು ಹಾಕುವುದು ಉತ್ತಮ.

ಕಲ್ಲೂ ಒಳ್ಳೆಯ ಹೊದಿಕೆಯಾಗಬಲ್ಲದು. ಸ್ಪೇನಿಗೆ ಸೇರಿದ ಲಾಂಜರೋಟೆ ದ್ವೀಪದಲ್ಲಿ 1730ರಿಂದ 1736ರವರೆಗೆ ಜ್ವಾಲಾಮುಖಿ ಉಗುಳಿದ ಕಪ್ಪು ಬೂದಿಹರಳು ಹೊಲಗಳನ್ನು ಮುಚ್ಚಿಹಾಕಿತು. ಜನ ಆ ಹರಳಿನ ಪದರದಲ್ಲಿ ದೊಡ್ಡ ಕುಣಿಗಳನ್ನು ತೋಡಿ, ಕೆಳಗಿನ ಹಳೆಯ ಮಣ್ಣಿಗೆ ಬೇರು ಮುಟ್ಟುವಂತೆ ದ್ರಾಕ್ಷಿ ಬಳ್ಳಿ ನೆಟ್ಟರು. ಅಷ್ಟು ಕಡಿಮೆ ಮಳೆಯಲ್ಲೂ ಬಳ್ಳಿ ಬದುಕಿತು, ಇಂದಿಗೂ ಬದುಕುತ್ತಿದೆ. ಚೀನಾದ ಗಾನ್ಸು ಪ್ರಾಂತ್ಯದ ರೈತರು ಶತಮಾನಗಳಿಂದ ಹೊಲದ ಮೇಲೆ ನದಿಯ ಜಲ್ಲಿ ಹರಡಿ ಕಲ್ಲಂಗಡಿ ಬೆಳೆಯುತ್ತಾ ಬಂದಿದ್ದಾರೆ. ಹೊದಿಕೆಯ ಹೊಣೆ ಕೊಳೆಯುವುದರಲ್ಲಿ ಇಲ್ಲ, ತಡೆಯುವುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೂ ತರಕಾರಿ ಮಡಿಗೆ ನಾನು ಎಲೆಯನ್ನೇ ಆರಿಸಿಕೊಳ್ಳುತ್ತೇನೆ. ಪ್ರತಿ ಬೆಳೆಗೂ ಅಗೆಯುವ ಜಾಗದಲ್ಲಿ ಕಲ್ಲು ಮಣ್ಣಿಗೆ ಬೆರೆತುಹೋದರೆ ಅದನ್ನು ಮತ್ತೆ ಆರಿಸಿ ತೆಗೆಯುವುದು ಸಾಧ್ಯವಿಲ್ಲ.

ಕಪ್ಪು ಪ್ಲಾಸ್ಟಿಕ್ ಹಾಳೆಯ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದು. ಅದು ಆವಿಯನ್ನೂ ಕಳೆಯನ್ನೂ ಚೆನ್ನಾಗಿ ತಡೆಯುತ್ತದೆ, ಕೆಳಗೆ ಹನಿ ನೀರಾವರಿಯ ಕೊಳವೆ ಇದ್ದರೆ ಬೆಳೆಯೂ ಬರುತ್ತದೆ. ಆದರೆ ಮಳೆಯನ್ನು ಒಳಗೆ ಬಿಡುವುದಿಲ್ಲ, ಬಿಸಿಲಿಗೆ ಮಣ್ಣನ್ನು ಕಾಯಿಸುತ್ತದೆ, ಹರಿದ ಮೇಲೆ ಚೂರುಚೂರಾಗಿ ಮಣ್ಣಿನಲ್ಲೇ ಉಳಿಯುತ್ತದೆ. ಹತ್ತಾರು ವರ್ಷ ಅದೇ ಮಣ್ಣನ್ನು ಮುಟ್ಟಬೇಕಾದ ಮನೆಯ ತೋಟಕ್ಕೆ ಅದು ಬೇಡ.

ಸತ್ವ ಹೀರುತ್ತದೆ ಎನ್ನುವ ಭಯ

ಒಣ ಎಲೆ, ಹೊಟ್ಟು ಹಾಕಿದರೆ ಮಣ್ಣಿನ ಸಾರಜನಕ ಹೋಗುತ್ತದೆ, ಗಿಡ ಹಳದಿಯಾಗುತ್ತದೆ ಎನ್ನುವ ಮಾತಿದೆ. ಇದರಲ್ಲಿ ಅರ್ಧ ನಿಜ ಇದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಇಂಗಾಲ ಮತ್ತು ಸಾರಜನಕ ಸುಮಾರು 25ಕ್ಕೆ 1ರ ಅನುಪಾತದಲ್ಲಿ ಸಿಕ್ಕರೆ ಹದ. ಹಸಿ ಹುಲ್ಲಿನ ಕತ್ತರಿಕೆಯಲ್ಲಿ ಅದು 20ರ ಆಸುಪಾಸಿನಲ್ಲಿರುತ್ತದೆ, ಒಣ ಎಲೆಯಲ್ಲಿ 40ರಿಂದ 80, ಗರಗಸದ ಹೊಟ್ಟಿನಲ್ಲಿ 300ನ್ನೂ ಮೀರುತ್ತದೆ. ಕೊರತೆ ಬಿದ್ದ ಸಾರಜನಕವನ್ನು ಅವು ಸುತ್ತಲಿನ ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಹೊಟ್ಟನ್ನು ಅಗೆದು ಮಣ್ಣಿಗೆ ಬೆರೆಸಿದರೆ ಈ ಎಳೆತ ಬೇರಿನ ಸುತ್ತಲೂ ನಡೆಯುತ್ತದೆ, ಗಿಡ ನಿಜಕ್ಕೂ ಬಡವಾಗುತ್ತದೆ. ಮೇಲೆ ಹಾಸಿದರೆ ಮಣ್ಣು ಮತ್ತು ಹೊದಿಕೆ ಒಂದನ್ನೊಂದು ಮುಟ್ಟುವ ತೆಳು ಪದರದಲ್ಲಷ್ಟೇ ನಡೆಯುತ್ತದೆ. ಆಳದ ಬೇರಿಗೆ ಅದರ ಬಿಸಿ ತಟ್ಟುವುದಿಲ್ಲ. ಕಳೆಯ ಬೀಜ ಮೊಳೆಯುವುದು ಆ ತೆಳು ಪದರದಲ್ಲೇ ಆದ್ದರಿಂದ ಅಲ್ಲಿ ಸಾರಜನಕ ಕಡಿಮೆಯಾದರೆ ನನಗೆ ಸಂತೋಷವೇ. ಹಾಸುವ ಮೊದಲು ಒಂದು ತೆಳು ಸುತ್ತು ಮಾಗಿದ ಗೊಬ್ಬರ ಉದುರಿಸಿದರೆ ಈ ಚಿಂತೆಯೂ ಇರುವುದಿಲ್ಲ. ಹಸಿ ಹುಲ್ಲನ್ನು ಮಾತ್ರ ದಪ್ಪಗೆ ಸುರಿಯಬಾರದು. ಅದು ಬಿಸಿಯೇರಿ, ಅಂಟಂಟಾಗಿ ಕೊಳೆತು ನಾರುತ್ತದೆ. ತೆಳುವಾಗಿ ಹರಡಿ, ಒಣಗಿದ ಮೇಲೆ ಇನ್ನೊಂದು ಪದರ ಹಾಕಬೇಕು.

ಗಿಡದ ಕಾಂಡಕ್ಕೆ ಹೊದಿಕೆ ತಾಗಿಸಬಾರದು ಎನ್ನುವುದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಬುಡದ ಸುತ್ತ ಒಂದು ಅಂಗೈ ಅಗಲ ಬರಿದಾಗಿ ಬಿಡಿ. ಸದಾ ಒದ್ದೆಯಾದ ತೊಗಟೆ ಕೊಳೆಯುತ್ತದೆ, ಇಲಿ ಹೆಗ್ಗಣಗಳಿಗೆ ಮರೆಯಲ್ಲಿ ಕುಳಿತು ಕಾಂಡ ಕಡಿಯಲು ಅನುಕೂಲವಾಗುತ್ತದೆ. ಗೆದ್ದಲು ಬರುವುದಿಲ್ಲವೇ ಎಂದು ಕೇಳುತ್ತಾರೆ. ಬರುತ್ತದೆ. ಬಹುಮಟ್ಟಿಗೆ ಒಣ ಸತ್ತ ವಸ್ತುವನ್ನೇ ತಿನ್ನುತ್ತದೆ. ನೀರಿಲ್ಲದೆ ಸೊರಗಿದ ಗಿಡಕ್ಕೆ ಬಾಯಿ ಹಾಕುವುದೂ ಉಂಟು. ಮನೆಯ ಗೋಡೆಗೆ, ಮರದ ಕಂಬಕ್ಕೆ ಹೊದಿಕೆ ತಾಗದಂತೆ ದೂರವಿಟ್ಟರೆ ನನಗೆ ಅದರಿಂದ ದೊಡ್ಡ ತೊಂದರೆ ಕಂಡಿಲ್ಲ.

ಸುಡು ಮಧ್ಯಾಹ್ನ, ಅಂಗೈಯಡಿ

ಬಿಸಿಲಿನ ನೆತ್ತಿಯ ಹೊತ್ತಿನಲ್ಲಿ ಬೋಳು ನೆಲದ ಮೇಲೆ ಅಂಗೈ ಇಟ್ಟು ನೋಡಿ. ಒಣ ಮಣ್ಣಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಕೈ ನಿಲ್ಲುವುದಿಲ್ಲ. ಹೆಚ್ಚಿನ ತರಕಾರಿ ಬೇರುಗಳು 35 ಡಿಗ್ರಿಯ ಮೇಲೆ ನೆಮ್ಮದಿಯಾಗಿ ಕೆಲಸ ಮಾಡಲಾರವು. ನೀರಿದ್ದರೂ ಹೀರಲಾಗದ ಸ್ಥಿತಿ ಅದು. ಬಾಡಿದ ಗಿಡಕ್ಕೆ ಇನ್ನಷ್ಟು ನೀರು ಸುರಿಯುವ ಮೊದಲು ಈ ಬಿಸಿಯನ್ನು ನೆನೆಯಬೇಕು ಎಂದು ನನಗೆ ಅನಿಸುತ್ತದೆ. ಹೊದಿಕೆಯ ಬಗ್ಗೆ ಮಾತನಾಡುವಾಗ ಎಲ್ಲರೂ ನೀರಿನ ಉಳಿತಾಯವನ್ನೇ ಹೇಳುತ್ತಾರೆ, ನೆರಳಿನ ಮಾತು ಯಾರೂ ಎತ್ತುವುದಿಲ್ಲ.

ನನ್ನ ತೋಟದ ಹುರುಳಿಕಾಯಿ ಸಾಲಿನಲ್ಲಿ, ಅಂಥದೇ ಒಂದು ಮಧ್ಯಾಹ್ನ, ಎಲೆಯ ಹಾಸನ್ನು ಮೆಲ್ಲಗೆ ಎತ್ತಿದೆ. ಮೇಲಿನ ಎಲೆಗಳು ಬಿಸಿಯಾಗಿ, ಮುಟ್ಟಿದರೆ ಮುರಿಯುವಂತಿದ್ದವು. ಎರಡು ಬೆರಳಿನಷ್ಟು ಕೆಳಗೆ ಎಲೆಗಳು ಬಣ್ಣ ಕಳೆದುಕೊಂಡು ಕಂದಾಗಿದ್ದವು. ಇನ್ನೂ ಕೆಳಗೆ ಎಲೆಯ ಮಾಂಸವೆಲ್ಲ ಹೋಗಿ ನರಗಳ ಬಲೆಯಷ್ಟೇ ಉಳಿದಿತ್ತು. ಆ ಬಲೆಯ ಮೂಲಕ ಶಿಲೀಂಧ್ರದ ಬಿಳಿ ಎಳೆಗಳು ಹಾದು ಒಂದು ಎಲೆಯನ್ನು ಇನ್ನೊಂದಕ್ಕೆ ಹೆಣೆದಿದ್ದವು. ಬೆಳಕು ಬಿದ್ದೊಡನೆ ಸಾಸಿವೆಗಿಂತ ಸಣ್ಣ ಬಿಳಿ ಜೀವಿಗಳು ಚಿಮ್ಮಿ ಮರೆಯಾದವು. ಮಣ್ಣಿನ ಮೇಲೆ ಎರೆಹುಳುಗಳು ಹಾಕಿದ ಸಣ್ಣ ಉಂಡೆಗಳು ಇನ್ನೂ ಹಸಿಯಾಗಿದ್ದವು. ಬಿಸಿಲು ಬಿದ್ದ ಬೋಳು ನೆಲದಲ್ಲಿ ಈ ಹೊತ್ತಿಗೆ ಎಷ್ಟೋ ಜಾತಿಯ ಎರೆಹುಳುಗಳು ಆಳಕ್ಕೆ ಇಳಿದು, ಸಣ್ಣ ಗೂಡಿನಲ್ಲಿ ಗಂಟಿನಂತೆ ಸುತ್ತಿಕೊಂಡು ಮಳೆಗಾಗಿ ಕಾದು ಮಲಗಿರುತ್ತವೆ. ಇಲ್ಲಿ ಮಾತ್ರ ಅವುಗಳ ಕೆಲಸ ನಿಂತಿರಲಿಲ್ಲ. ಅವು ಕೊರೆದ ಬಿಲಗಳ ಮೂಲಕವೇ ಮುಂದಿನ ನೀರು ಆಳಕ್ಕೆ ಇಳಿಯುತ್ತದೆ. ಹೊದಿಕೆಯಿಂದ ಹುಳು, ಹುಳುವಿನಿಂದ ಬಿಲ, ಬಿಲದಿಂದ ಇಂಗುವ ನೀರು: ಮೊದಲ ವರ್ಷ ಕಾಣದ ಫಲ ಮೂರನೆಯ ವರ್ಷ ಕಾಣುವುದು ಈ ದಾರಿಯಿಂದ.

ಎತ್ತಿದ ಎಲೆಗಳನ್ನು ಮತ್ತೆ ಹಾಸುವ ಮುನ್ನ ಬೆರಳು ಊರಿ ನೋಡಿದೆ. ಎರಡನೆಯ ಗೆಣ್ಣಿನವರೆಗೂ ತಂಪಾಗಿತ್ತು, ಅಂದು ನೀರು ಹಾಕಲಿಲ್ಲ. ಹೊದಿಕೆ ಹಾಕಿದ ತೋಟದಲ್ಲಿ ನೀರಿನ ವೇಳಾಪಟ್ಟಿ ಎಂಬುದು ಕೆಲಸಕ್ಕೆ ಬಾರದು. ಹಳೆಯ ಅಭ್ಯಾಸದಂತೆ ದಿನವೂ ನೀರು ಬಿಟ್ಟರೆ ಜೇಡಿ ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ, ಕೈ ಹಾಕಲೇಬೇಕು.

ಮಳೆ ಬಂದ ಮೇಲೆ

ಒಣಗಾಲಕ್ಕೆ ಹಾಕಿದ ಹೊದಿಕೆ ಮಳೆಗಾಲಕ್ಕೆ ಹಾಗೆಯೇ ಇರಬೇಕೇ? ದೊಡ್ಡ ಗಿಡಗಳ ಬುಡದಲ್ಲಿ ಇರಲಿ. ಜೋರು ಮಳೆಯ ಹನಿಗಳು ಬೋಳು ಮಣ್ಣನ್ನು ಕುಟ್ಟಿ ಗಟ್ಟಿ ಹೆಪ್ಪು ಮಾಡುತ್ತವೆ, ಕೆಸರು ಸಿಡಿದು ಕೆಳಗಿನ ಎಲೆಗಳಿಗೆ ರೋಗ ಹತ್ತುತ್ತದೆ. ಎರಡನ್ನೂ ಹೊದಿಕೆ ತಡೆಯುತ್ತದೆ. ಎಳೆ ಸಸಿಗಳ ಬಳಿ ಮಾತ್ರ ಸಿಂಬಳದ ಹುಳು, ಬಸವನಹುಳುಗಳು ಅದರಡಿ ಮನೆ ಮಾಡಿಕೊಂಡು ರಾತ್ರೋರಾತ್ರಿ ಸಾಲನ್ನೇ ಮೇಯುತ್ತವೆ. ಸೊಪ್ಪಿನ ಸಣ್ಣ ಬೀಜಗಳಿಗೆ ದಪ್ಪ ಎಲೆ ಪದರವನ್ನು ತೂರಿ ಮೇಲೆ ಬರುವ ಶಕ್ತಿಯೂ ಇಲ್ಲ. ಹಾಗಾಗಿ ಬಿತ್ತನೆಯ ಸಾಲುಗಳಿಂದ ನಾನು ಹೊದಿಕೆಯನ್ನು ಎರಡೂ ಬದಿಗೆ ಸರಿಸಿಡುತ್ತೇನೆ. ಸಸಿಗಳು ಗೇಣುದ್ದ ಬೆಳೆದ ಮೇಲೆ ಅದನ್ನೇ ಮತ್ತೆ ಬುಡದ ಹತ್ತಿರಕ್ಕೆ ಎಳೆದು, ಕರಗಿಹೋದಷ್ಟನ್ನು ಹೊಸ ಎಲೆಯಿಂದ ತುಂಬಿಸುತ್ತೇನೆ.